ನೀಲಿ ಗಾಡಿಯ ಮೇಲಿನ ಚುಕ್ಕಿಗಳು

ದೇಗಾಂವದ ಯುವರಾಜ ಎಷ್ಟು ಮದುಮಕ್ಕಳನ್ನು ಮಂಟಪದಿಂದ ಗಂಡನ ಮನೆ ಬಾಗಿಲಿಗೆ ಮುಟ್ಟಿಸಿದ್ದನೋ ಅವನಿಗೇ ನೆನಪಿರಲಿಲ್ಲ. ಅವನ ಮದುವೆ ಮಾತ್ರ ಆಗಿರಲಿಲ್ಲ. ಕಪ್ಪು ಮಣ್ಣಿನ ಎರಿಹೊಲವಿತ್ತು, ಬೋರಿನಲ್ಲಿ ನೀರಿತ್ತು, ಯಾವ ಚಟವೂ ಇರಲಿಲ್ಲ. ಆದರೆ ಹುಡುಗ ಒಕ್ಕಲುತನ ಮಾಡುತ್ತಾನೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಹೆಣ್ಣಿನ ಕಡೆಯವರು ಚಹಾದ ಬಸಿ ಕೆಳಗಿಟ್ಟು ಬಸ್ಸಿನ ಹೊತ್ತು ಕೇಳುತ್ತಿದ್ದರು. ನೋಡನೋಡುತ್ತ ಮೂವತ್ತಾರು ದಾಟಿತು. ಒಂದು ವರ್ಷ ಕಬ್ಬಿನ ಬಿಲ್ಲು ಕೈಗೆ ಬಂದಾಗ, ಹೆಣ್ಣು ಸಿಗದಿದ್ದರೆ ಗಾಡಿಯಾದರೂ ಇರಲಿ ಎಂದು ಕಡುನೀಲಿ ಬಣ್ಣದ ಹಳೆಯ ಕಾರೊಂದನ್ನು ತಂದ. ಸುಗ್ಗಿ ಮುಗಿದ ಮೇಲೆ ಮದುವೆಗಳಿಗೆ ಅದನ್ನು ಬಾಡಿಗೆಗೆ ಒಯ್ಯುತ್ತಿದ್ದ.

ಆ ಕೆಲಸ ಅವನಿಗೆ ಸೇರಿತ್ತು. ಹಿಂದಿನ ಸೀಟಿನಲ್ಲಿ ಬಳೆಯ ಸದ್ದು, ಅರಿಷಿಣದ ವಾಸನೆ, ನಿನ್ನೆಯವರೆಗೆ ಗುರುತಿಲ್ಲದ ಇಬ್ಬರ ಪಿಸುಮಾತು. ಯುವರಾಜ ರಸ್ತೆ ನೋಡುತ್ತ ನಡೆಸುತ್ತಿದ್ದ. ಆದರೂ ಅವನ ಒಳಗೊಂದು ಬೇರೆಯೇ ಗಾಡಿ ಹೋಗುತ್ತಿತ್ತು. ಅದರಲ್ಲಿ ಯಾರೋ ಅವನ ಪಕ್ಕ ಕುಳಿತಿರುತ್ತಿದ್ದರು. ಮುಖ ಮಾತ್ರ ಎಂದೂ ಸ್ಪಷ್ಟವಾಗುತ್ತಿರಲಿಲ್ಲ.

ಮಾಘದ ಕೊನೆಯಲ್ಲಿ ಬೈಲಹೊಂಗಲದವರ ಮದುವೆಯೊಂದು ಕಿತ್ತೂರಿನ ಮಂಟಪದಲ್ಲಿ ಗೊತ್ತಾಯಿತು. ಮದುಮಗಳು ಶೈಲಶ್ರೀ, ಕೊಟ್ಟದ್ದು ರಾಮದುರ್ಗಕ್ಕೆ. ಅದರ ಹಿಂದಿನ ದಿನ ಮುಂಜಾನೆ ಯುವರಾಜ ಎದ್ದು ಗಾಡಿ ನೋಡಿ ತಲೆಯ ಮೇಲೆ ಕೈ ಹೊತ್ತ. ಗಾಡಿ ಎರಡು ದಿನದಿಂದ ನೆರೆಯ ಭೀಮಶಿಯ ಶೇಂಗಾ ಹೊಲದ ಬದುವಿಗೆ ನಿಂತಿತ್ತು. ಅವನ ತುಂತುರು ಪೈಪಿನ ನೀರು ಗಾಳಿಗೆ ತೂರಿ ಬಂದು, ಬಿಸಿಲಿಗೆ ಒಣಗಿ, ನೀಲಿ ಬಣ್ಣದ ತುಂಬ ಬಿಳಿ ಬಿಳಿ ಉಂಗುರಗಳು ಎದ್ದಿದ್ದವು. ಬಾನೆಟ್ಟು, ಟಾಪು, ಬಾಗಿಲು, ಎಲ್ಲಿ ನೋಡಿದರೂ ಚುಕ್ಕಿಗಳು.

ಅಂಗಳಕ್ಕೆ ತಂದು ನೀರು ಸುರಿದ. ಒದ್ದೆಯಾಗಿದ್ದಾಗ ಮಾಯವಾದ ಚುಕ್ಕಿಗಳು ಆರಿದ ಮೇಲೆ ಮತ್ತೆ ಮೂಡಿದವು. ಸಿಟ್ಟಿಗೆದ್ದು ಬಟ್ಟೆ ಒಗೆಯುವ ಪುಡಿ ಉದುರಿಸಿ ತಿಕ್ಕತೊಡಗಿದ.

“ಏ, ಹಂಗ ತಿಕ್ಕಬ್ಯಾಡ್ರಿ! ಬಣ್ಣ ಕಿತ್ತು ಬಂದೀತು!”

ಬಾಗಿಲಲ್ಲಿ ಒಬ್ಬಾಕೆ ನಿಂತಿದ್ದಳು. ಕೈಯಲ್ಲಿ ದಾರದ ಉಂಡೆ, ಹೆಗಲಿಗೆ ಚೀಲ. ನಾಗರತ್ನಾ ಮದುಮಗಳ ಸೋದರತ್ತೆ. ಬೈಲಹೊಂಗಲದ ಬಜಾರದಲ್ಲಿ ಅವಳ ಹೂವಿನ ಅಂಗಡಿ. ಸೋದರಸೊಸೆಯ ಗಾಡಿಗೆ ಹೂವಿನ ಜಾಲರಿ ತಾನೇ ಕಟ್ಟಬೇಕೆಂದು ಅಳತೆಗೆ ಬಂದಿದ್ದಳು.

“ನಾಳಿ ಮದವಿ ಐತ್ರಿ. ಈ ಮುಖಾ ಹೊತ್ಕೊಂಡು ಮಂಟಪಕ್ಕ ಹೆಂಗ ಒಯ್ಯಲಿ?” ಎಂದ ಯುವರಾಜ. ಅಳು ಒಂದೇ ಬಾಕಿ.

ನಾಗರತ್ನಾ ಚುಕ್ಕಿಯೊಂದನ್ನು ಉಗುರಿನಿಂದ ಮೆಲ್ಲಗೆ ಸವರಿದಳು. “ಇದು ಹೊಲಸಲ್ಲರಿ, ಸುಣ್ಣ. ನಮ್ಮ ಮನ್ಯಾಗ ನೀರ ಕಾಸೂ ಕರೆಂಟ್ ಕಾಯಿಲ್‌ಗೂ ಹಿಂಗ ಕುಂದರತೈತಿ. ನಾ ವಿನೆಗಾರ್ ಹಚ್ಚಿ ತಗೀತೇನಿ. ಗಾಡಿಗೆ ನಡೀತೈತೋ ಇಲ್ಲೋ ಗೊತ್ತಿಲ್ಲ ನೋಡ್ರಿ.”

“ಹಂಗಂತ ಮೊಬೈಲ್‌ನ್ಯಾಗ ಒಬ್ಬಾಂವ ತೋರಿಸಿದ್ದ. ಆದ್ರ ನೀರು ಬೆರೆಸಬೇಕಂತ. ಬೋರಿನ ನೀರು ಬ್ಯಾಡಂತ, ಅದರಾಗೂ ಸುಣ್ಣ ಇರತೈತಂತ.”

“ಮತ್ತ ಯಾವ ನೀರು ತರೂಣು?”

ಒಲೆಯ ಮುಂದಿದ್ದ ಯುವರಾಜನ ತಾಯಿ ಕೆಂಚವ್ವ ಒಳಗಿನಿಂದಲೇ ಕೂಗಿದಳು: “ಟ್ರಾಕ್ಟರಿನ ಬ್ಯಾಟರಿಗೆ ಹಾಕೂ ನೀರಿನ ಕ್ಯಾನು ಅಟ್ಟದಾಗ ಐತಿ ನೋಡೋ!”

ವಿನೆಗಾರು ಊರ ಗೋಬಿ ಅಂಗಡಿಯಿಂದ ಬಂತು. ಗಾಡಿಯನ್ನು ಹುಣಸೆಯ ನೆರಳಿಗೆ ಸರಿಸಿ, ತಗಡು ತಣ್ಣಗಾಗುವವರೆಗೆ ಕಾದರು. ಮೊದಲು ತೆಳ್ಳಗೆ ಶಾಂಪೂ ಹಾಕಿ ಧೂಳು ತೊಳೆದರು. ಅರ್ಧ ವಿನೆಗಾರು, ಅರ್ಧ ಬ್ಯಾಟರಿ ನೀರು ಬೆರೆಸಿ, ಯಾರ ಕಣ್ಣಿಗೂ ಬೀಳದ ಕೆಳಮೂಲೆಯಲ್ಲಿ ಒಂದಿಷ್ಟು ಹಚ್ಚಿ ನೋಡಿದರು. ಬಣ್ಣಕ್ಕೆ ಏನೂ ಆಗಲಿಲ್ಲ. ಚುಕ್ಕಿ ಕರಗಿತು.

ನಾಗರತ್ನಾ ಮೆತ್ತನೆ ಬಟ್ಟೆಯನ್ನು ಅದರಲ್ಲಿ ಅದ್ದಿ ಬಾನೆಟ್ಟಿನ ಮೇಲೆ ಹಾಸಿದಳು, ಜ್ವರ ಬಂದವರ ಹಣೆಗೆ ಪಟ್ಟಿ ಹಾಕುವ ಹಾಗೆ. ಆರುವುದಕ್ಕೆ ಮುಂಚೆ ತೆಗೆದು ಒರೆಸಿದಳು. ಯುವರಾಜ ಉಳಿದ ಬ್ಯಾಟರಿ ನೀರಿನಿಂದ ತೊಳೆದು ಒಣ ಬಟ್ಟೆ ಒತ್ತಿದ. ಒಂದೊಂದು ಭಾಗ ಮುಗಿದಂತೆ ನೀಲಿ ಮೇಲೆದ್ದು ಬರುತ್ತಿತ್ತು. ಎಲೆಗಳ ಸಂದಿಯಿಂದ ಬಿಸಿಲು ಹನಿ ಹನಿಯಾಗಿ ಉದುರುತ್ತಿತ್ತು. ವಿನೆಗಾರಿನ ಹುಳಿ ವಾಸನೆಯೊಳಗೆ ಅವಳ ಚೀಲದ ಮಲ್ಲಿಗೆ ಸೇರಿ ಯುವರಾಜನಿಗೆ ಜೋಂಪು ಹತ್ತಿದಂತಾಯಿತು. ತೊಳೆದ ಬಾನೆಟ್ಟಿನಲ್ಲಿ ಆಕಾಶ ಇಳಿದಿತ್ತು. ಒಂದು ಮೋಡ ಅವನ ಕೈಯ ಕೆಳಗಿಂದ ಹೊರಟು ಅವಳ ಕೈಯ ಕೆಳಗೆ ಹೋಗಿ ನಿಂತಿತು. ಈ ಹೊತ್ತು ಮುಂದೆ ಸಾಗದೆ ಹೀಗೇ ಇರಲಿ ಎಂದು ಅವನಿಗೆ ಅನ್ನಿಸಿತು.

ತಂದು ವರ್ಷವಾದರೂ ಅಂಜಿ ತೆರೆಯದಿದ್ದ ಮೇಣದ ಡಬ್ಬಿಯನ್ನು ಅವತ್ತು ತೆರೆದ. “ಸ್ವಲ್ಪ ಸ್ವಲ್ಪ ಹಚ್ಚಬೇಕಂತ. ತೆಳ್ಳಗ. ಇನ್ನ ಮ್ಯಾಲೆ ನೀರು ಬಿದ್ರೂ ಹಿಡ್ಕೊಳ್ಳೂದಿಲ್ಲ, ಜಾರಿ ಹೋಗತೈತಂತ.”

“ಮನಶ್ಯಾರಿಗೂ ಇಂಥಾದೊಂದು ಡಬ್ಬಿ ಬರಬೇಕಿತ್ತ ನೋಡ್ರಿ,” ಎಂದು ನಕ್ಕಳು ನಾಗರತ್ನಾ.

ನಗುವಿನ ಹಿಂದೇನಿತ್ತೆಂದು ಕೆಂಚವ್ವನ ಎದುರು ಚಹಾ ಕುಡಿಯುವಾಗ ತಿಳಿಯಿತು. ನಾಗರತ್ನಾಳ ಗಂಡ ಮದುವೆಯಾದ ಮರುವರ್ಷವೇ ಕಾಮಾಲೆಯಿಂದ ತೀರಿಕೊಂಡಿದ್ದ. ಆಗಿನಿಂದ ತವರಿನಲ್ಲಿಯೇ ಇದ್ದಳು. ಬಾನೆಟ್ಟಿನ ತುದಿಯಲ್ಲಿ ಎರಡು ಚುಕ್ಕಿ ಬಣ್ಣದ ಒಳಗೇ ಇಳಿದಿದ್ದವು, ಹೋಗಲಿಲ್ಲ. “ಅಲ್ಲಿ ಹೂವಿನ ಗೊಂಚಲಾ ಕಟ್ಟಿದ್ರಾತು,” ಎಂದು ಅಳತೆ ತೆಗೆದುಕೊಂಡು ಹೋದಳು.

ಮರುದಿನ ಅಕ್ಷತೆಯ ಅಕ್ಕಿಕಾಳು ಬಿದ್ದು, ಊಟ ಮುಗಿದು, ಮದುಮಕ್ಕಳು ಹೊರಡುವ ಹೊತ್ತಾಯಿತು. ಮಂಟಪದ ಮುಂದೆ ನೀಲಿ ಗಾಡಿ ಸೇವಂತಿಗೆ ಜಾಲರಿ ಹೊದ್ದು ನಿಂತಿತ್ತು. ಆರತಿಯ ತಟ್ಟೆ ಬಂತು. ಜಾಲರಿಯ ಕೊನೆಯ ಗಂಟು ಸರಿಮಾಡುತ್ತಿದ್ದ ನಾಗರತ್ನಾಳ ಹತ್ತಿರ ಬೀಗರ ಕಡೆಯ ಹಿರಿಯಳೊಬ್ಬಳು ಬಂದು, “ತಂಗಿ, ನೀ ಸ್ವಲ್ಪ ಹಿಂದಕ ಸರಿ. ಶುಭ ಕಾರ್ಯ ಐತಿ,” ಎಂದಳು.

ನಾಗರತ್ನಾಳ ತಾಯಿ ರಾಯವ್ವ ಅಲ್ಲೇ ಇದ್ದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು. ನಾಗರತ್ನಾ ಸರಿದು ಗೋಡೆಗೆ ಹತ್ತಿ ನಿಂತಳು. ಅವಳ ಮುಖದಲ್ಲಿ ನೋವಿಗಿಂತ ರೂಢಿ ಹೆಚ್ಚಾಗಿತ್ತು. ಯುವರಾಜನಿಗೆ ತಡೆಯಲಾಗದ್ದು ಅದೇ.

ಆರತಿ ಮುಗಿಯಿತು. ಮದುಮಕ್ಕಳೂ ಮೊಮ್ಮಗಳನ್ನು ಮುಟ್ಟಿಸಲು ಹೊರಟ ರಾಯವ್ವನೂ ಹಿಂದೆ ಕುಳಿತರು. ಮುಂದಿನ ಸೀಟಿಗೆ ಆ ಹಿರಿಯಳೇ ಬಂದಳು. ಯುವರಾಜ ಬಾಗಿಲು ತೆರೆಯಲಿಲ್ಲ.

“ತಪ್ಪ ತಿಳೀಬ್ಯಾಡ್ರಿ ಅಮ್ಮಾರ. ಹೆದ್ದಾರಿ ಗಾಳಿಗೆ ಜಾಲರಿ ಬಿಚ್ಚಿತಂದ್ರ ನಂಗ ಕಟ್ಟಾಕ ಬರೂದಿಲ್ಲ. ಹಾದ್ಯಾಗ ಹೂವು ಉದುರಿದ್ರ ಶಕುನ ನೆಟ್ಟಗಿರೂದಿಲ್ಲ. ಕಟ್ಟಿದವ್ರ ಇಲ್ಲಿ ಕುಂದರಬೇಕ್ರಿ.”

ಶಕುನದ ಮಾತು ಕೇಳಿ ಹಿರಿಯಳು ತಾನೇ ಹಿಂದಕ್ಕೆ ಸರಿದಳು. ಒಳಗಿನಿಂದ ಶೈಲಶ್ರೀ, “ಹೌದು, ಅತ್ತಿ ಬರಲಿ! ಅತ್ತೀ, ಬಾ!” ಎಂದು ಕೈಬೀಸಿದಳು. ನಾಗರತ್ನಾ ಒಂದು ಗಳಿಗೆ ನಂಬದವಳಂತೆ ನಿಂತಿದ್ದು, ಆಮೇಲೆ ಬಂದು ಮುಂದೆ ಕುಳಿತಳು.

ಬೈಲಹೊಂಗಲ ದಾಟಿ ಸವದತ್ತಿಯ ಗುಡ್ಡ ಬಳಸಿ ರಾಮದುರ್ಗ ಮುಟ್ಟುವವರೆಗೆ ಒಂದು ಎಸಳೂ ಕದಲಲಿಲ್ಲ. ಯುವರಾಜ ಹಾಗೆ ನಡೆಸಿದ್ದ. ಪಕ್ಕದಲ್ಲಿ ಕುಳಿತವಳ ಕಡೆ ತಿರುಗಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ನೋಡಿದರೆ ಕನಸಿನಿಂದ ಎಚ್ಚರವಾಗಿಬಿಟ್ಟೀತು ಎಂಬ ಅಂಜಿಕೆ.

ಮರಳುವಾಗ ಇಳಿಹೊತ್ತು. ರಾಯವ್ವ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದ್ದಳು. ನವಿಲುತೀರ್ಥದ ಹತ್ತಿರ ಅಣೆಕಟ್ಟಿನ ನೀರು ಕಾಣುವಲ್ಲಿ ಯುವರಾಜ ಗಾಡಿ ನಿಲ್ಲಿಸಿದ. ಹಿನ್ನೀರಿನ ಮೇಲೆ ಕೇಸರಿ ಬೆಳಕು ಹರಡಿ, ನೀರು ಎಲ್ಲಿ ಮುಗಿದು ಬಾನು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ.

“ಹೂವು ಬಿಚ್ಚತಾವಂತ ಸುಳ್ಳ ಹೇಳಿದ್ರಿ,” ಎಂದಳು ನಾಗರತ್ನಾ. “ನಾ ಕಟ್ಟಿದ್ದು ಬಿಚ್ಚೂದಿಲ್ಲಂತ ನಿಮಗ ಗೊತ್ತಿತ್ತು.”

“ಗೊತ್ತಿತ್ತು.” ಅವನು ನೀರನ್ನೇ ನೋಡುತ್ತ ನುಡಿದ. “ನಾ ಒಕ್ಕಲುತನ ಮಾಡೂ ಮನಶ್ಯಾ. ಹೆಣ್ಣು ಕೇಳಿ ಕೇಳಿ ಬ್ಯಾಸತ್ತು ಬಿಟ್ಟೇನಿ. ಆದ್ರ ಇವತ್ತ ಕೇಳಬೇಕನ್ನಸಾಕತ್ತೈತಿ. ನಿಮ್ಮನ್ನ.”

ಕೊಕ್ಕರೆಗಳ ಸಾಲೊಂದು ನೀರಿಗೆ ನೆರಳು ತಾಗಿಸಿಕೊಂಡು ಹೋಯಿತು.

“ನಾ ಅಂಗಡಿ ಬಿಡೂದಿಲ್ಲ,” ಎಂದಳು ನಾಗರತ್ನಾ ಕೊನೆಗೆ.

“ಬಿಡಂತ ಯಾರಂದ್ರು?”

“ಮಂದಿ ಮಾತಾಡ್ತಾರ.”

“ಮಾತಾಡ್ಲಿ ಬಿಡ!” ಎಂದಳು ಹಿಂದಿನಿಂದ ರಾಯವ್ವ. ಇಬ್ಬರೂ ಬೆಚ್ಚಿ ತಿರುಗಿದರು. ಮುದುಕಿಯ ಕಣ್ಣು ಮುಚ್ಚಿಯೇ ಇದ್ದವು, ಕೆನ್ನೆ ಮಾತ್ರ ಒದ್ದೆಯಾಗಿತ್ತು. “ಮಂಟಪದಾಗ ನಾ ಬಾಯಿ ತಗೀಲಿಲ್ಲ. ಈಗ ತಗೀತೇನಿ. ಹೂಂ ಅನ್ನು, ನನ್ನವ್ವ.”

ನಾಗರತ್ನಾ ಹೂಂ ಅನ್ನಲಿಲ್ಲ, ಒಲ್ಲೆ ಎಂದೂ ಅನ್ನಲಿಲ್ಲ. “ಮನಿಗೆ ಬಂದು ಅಣ್ಣನ್ನ ಕೇಳ್ರಿ,” ಎಂದು ಸೆರಗು ಹೊದ್ದುಕೊಂಡಳು. ಅಷ್ಟು ಸಾಕಾಗಿತ್ತು.

ಅಣ್ಣ ಮೊದಲು ಮುಖ ಗಂಟಿಕ್ಕಿದ. ರಾಯವ್ವ ಊಟ ಬಿಡುತ್ತೇನೆಂದ ಮೇಲೆ ಒಪ್ಪಿದ. ಬಸವ ಜಯಂತಿಯ ಮರುದಿನ ದೇಗಾಂವದ ಮನೆಯ ಅಂಗಳದಲ್ಲಿ, ಹತ್ತಾರು ಮಂದಿಯ ಎದುರು ಉಡಿಕೆಯ ಮರುಮದುವೆಯಾಯಿತು. ಕೆಂಚವ್ವ ತಾನೇ ಆರತಿ ಎತ್ತಿದಳು.

ನಾಗರತ್ನಾ ಆ ಮಳೆಗಾಲದಲ್ಲಿ ಗಾಡಿ ಕಲಿತಳು. ಈಗ ಮುಂಜಾನೆ ಅಂಗಡಿಗೆ ತಾನೇ ನಡೆಸಿಕೊಂಡು ಹೋಗುತ್ತಾಳೆ. ಹೊಲದ ಕೆಲಸವಿಲ್ಲದ ದಿನ ಯುವರಾಜ ಜೊತೆಗೆ ಹತ್ತುತ್ತಾನೆ. ಮೊದಲ ಸಲ ಅವಳ ಪಕ್ಕ ಕುಳಿತಾಗ ಅಂಜಿಕೆಯಿಂದ ಬಾಗಿಲ ಹಿಡಿ ಹಿಡಿದಿದ್ದ. ಎರಡೂ ಬದಿಗೆ ಸೋಯಾ ಹೊಲಗಳು ಮಂಜಿನಲ್ಲಿ ತೇಲುತ್ತ ಹಿಂದೆ ಸರಿದವು. ಅವಳೇನೋ ಹೇಳುತ್ತಿದ್ದಳು, ಮಾರನೆಯ ದಿನಕ್ಕೆ ಬೇಕಾದ ಸುಗಂಧಿ ಹೂವಿನ ವಿಷಯ. ಬೈಲಹೊಂಗಲ ಬರುವಷ್ಟರಲ್ಲಿ ಅವನು ಹಿಡಿ ಬಿಟ್ಟು, ಬಾಯಿ ತೆರೆದು ನಿದ್ದೆ ಹೋಗಿದ್ದ.