ಹಿಂದಕ್ಕೆ ಬಂದ ಕಿಡಿ

"ಎರಡು ಮಾತು ಆಡು ಮಗಾ, ಎಲ್ಲರೂ ಕಾಯ್ತಿದ್ದಾರೆ" ಎಂದು ಚಿಕ್ಕಪ್ಪ ಮೂರನೆಯ ಸಲ ಬೆನ್ನು ತಟ್ಟಿದಾಗಲೂ ಟೀಚರ್ ತನ್ನ ಕೈಯಲ್ಲಿದ್ದ ಚೀಟಿಯನ್ನು ಮಡಿಸುತ್ತಲೇ ಇದ್ದಳು. ಈಗಷ್ಟೇ ಚಿಕ್ಕಮ್ಮನನ್ನು ಮಣ್ಣು ಮಾಡಿ ಬಂದಿದ್ದರು. ಮೂವತ್ತೆಂಟು ವರ್ಷ ಕಾಲೇಜಿನ ಪ್ರಯೋಗಾಲಯ ನೋಡಿಕೊಂಡವಳು. ಕಣ್ಣು ಪಳಗಲೆಂದು ಹುಡುಗರನ್ನು ಮೊದಲು ಅರ್ಧ ಗಂಟೆ ಕತ್ತಲಲ್ಲಿ ಕೂರಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಕತ್ತಲಮ್ಮ.

ಚೀಟಿಯಲ್ಲಿ ಬರೆದದ್ದು ಒಂದೇ ಸಾಲು: 'ಪರಮಾಣುವನ್ನು ನನಗೆ ತೋರಿಸಿದವರು ಚಿಕ್ಕಮ್ಮ.' ಅದು ಸುಳ್ಳು.

*

ಕತ್ತಲಲ್ಲಿ ಚಿಕ್ಕಮ್ಮ ಮಾಡಿಸುತ್ತಿದ್ದದ್ದು ಚಿನ್ನದ ತೆಳು ಹಾಳೆಗೆ ಕಣಗಳನ್ನು ಎಸೆಯುವ ಪ್ರಯೋಗ. ಸಾವಿರಾರು ಕಣಗಳು ಸಲೀಸಾಗಿ ದಾಟುತ್ತವೆ. ಎಲ್ಲೋ ಒಂದು, ಗೋಡೆಗೆ ಬಡಿದ ಚೆಂಡಿನಂತೆ ಹಿಂದಕ್ಕೆ ಚಿಮ್ಮಿ ಪರದೆಯ ಮೇಲೆ ಕಿಡಿಯಾಗುತ್ತದೆ. ಪರಮಾಣು ಬಹುಪಾಲು ಬಯಲು, ನಡುವೆ ಗಟ್ಟಿ ಬೀಜವೊಂದಿದೆ ಎಂದು ವಿಜ್ಞಾನಿಗಳು ಕಂಡುಕೊಂಡದ್ದು ಆ ಅಪರೂಪದ ಕಿಡಿಯಿಂದ.

ವಿದ್ಯಾರ್ಥಿನಿಯಾಗಿದ್ದಾಗ ಟೀಚರ್ ಆ ಪರದೆಯನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣು ನೋಯುವವರೆಗೂ ಇಣುಕಿ ನೋಡಿದ್ದಳು. ಏನೂ ಕಾಣಲಿಲ್ಲ. ಪುಸ್ತಕದಲ್ಲಿದ್ದಂತೆ ಕಿಡಿಗಳ ಲೆಕ್ಕ 'ಮೂರು' ಎಂದು ಬರೆದಳು. ಹಿಂದೆ ನಿಂತಿದ್ದ ಚಿಕ್ಕಮ್ಮ ಓದಿಕೊಂಡು, "ಕಣ್ಣು ನೋವಾ ಮಗಾ?" ಎಂದಳು, ಅಷ್ಟೇ. ಮುಂದೆ ಅದೇ ಕಾಲೇಜಿನಲ್ಲಿ ಪಾಠ ಹೇಳತೊಡಗಿದರೂ, ಆಗಲೂ ಕಾಣದಿದ್ದರೆ ಎಂಬ ಅಂಜಿಕೆಯಿಂದ ಅವಳು ಮತ್ತೆ ಇಣುಕಲಿಲ್ಲ.

*

"ನಮ್ಮ ಬ್ಯಾಚಿನ ಕತೆ ಹೇಳ್ಲಾ?" ಟೀಚರ್‌ಗೆ ಸಹಪಾಠಿಯಾಗಿದ್ದ ಎಲೆಕ್ಟ್ರಿಷಿಯನ್ ಜನರ ನಡುವಿನಿಂದ ಎದ್ದ. "ನಾವು ಕಿಡಿ ಎಣಿಸೋಕೆ ಕೂತಿದ್ವಲ್ಲ, ಆವತ್ತು ಕತ್ತಲಮ್ಮ ಕಣ ಬಿಡೋ ಚೂರನ್ನ ಸೀಸದ ಪೆಟ್ಟಿಗೆಯಲ್ಲೇ ಮರೆತಿದ್ರು! ಕಿಡಿ ಎಲ್ಲಿಂದ ಬರ್ಬೇಕು? ನಾವೋ, ಮೂರು ಅಂತ ಬರ್ದಿದ್ದೇ ಬರ್ದಿದ್ದು. ಹೋದ ವರ್ಷ ಅವರೇ ಹೇಳಿ ನಕ್ಕರು."

"ಎಲ್ಲರೂನಾ?" ಎಂದಳು ಟೀಚರ್.

"ಇಪ್ಪತ್ತೆರಡೂ ಜನ. ಕುರಿಮಂದೆ ಕಣ್ರೀ."

"ಅವಳು ಆವತ್ತು ಊಟಾನೇ ಮಾಡ್ಲಿಲ್ಲ" ಎಂದ ಚಿಕ್ಕಪ್ಪ. "'ತಪ್ಪು ನಂದು, ಮಕ್ಕಳ ಮಾನ ಯಾಕೆ ತೆಗೀಲಿ' ಅಂದ್ಲು. ಆಮೇಲಿಂದ ತಾನು ಒಂದು ಕಿಡಿ ನೋಡದೆ ಯಾರನ್ನೂ ಒಳಗೆ ಬಿಡ್ತಿರ್ಲಿಲ್ಲ."

ಟೀಚರ್ ಎದ್ದು ನಿಂತಳು. ಚೀಟಿ ಬಿಚ್ಚಲಿಲ್ಲ. "ಹದಿನೆಂಟು ವರ್ಷದಿಂದ ಪಾಠ ಹೇಳ್ತಿದ್ದೀನಿ. ಆ ಕಿಡೀನ ನಾನು ಒಂದ್ಸಲವೂ ನೋಡಿಲ್ಲ."

ಎಲೆಕ್ಟ್ರಿಷಿಯನ್ ಮೂಗು ಒರೆಸಿಕೊಂಡ. "ನಾನೇನು ನೋಡಿದ್ದೀನಾ? ಲ್ಯಾಬಿನ ಬೀಗದ ಕೈ ನಿಮ್ಮ ಹತ್ರಾನೇ ಇದೆಯಲ್ಲ, ನಡೀರಿ ಟೀಚರ್."

ಚಿಕ್ಕಪ್ಪನೂ ಹೊರಟ. ಹೆಂಡತಿಯ ಆ ಕೋಣೆಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಟೀಚರ್ ಚೂರನ್ನು ಅದರ ಜಾಗದಲ್ಲಿಟ್ಟು, ಇದೆಯೆಂದು ಎರಡೆರಡು ಸಲ ನೋಡಿಕೊಂಡಳು. ಕಣಗಳ ದಾರಿಯಲ್ಲಿನ ಗಾಳಿ ಹೀರುವ ಪಂಪು ಗುಂಯ್‌ಗುಟ್ಟಿ ನಿಂತಿತು. ಕತ್ತಲಲ್ಲಿ ಅರ್ಧ ಗಂಟೆ ಕೂತ ಮೇಲೆ ಟೀಚರ್ ಇಣುಕಿದಳು.

"ಕಂಡಿತಾ?"

"ಇಲ್ಲ ಚಿಕ್ಕಪ್ಪ."

"ಈಗ?"

"ಇಲ್ಲ." ಹಾಗೆನ್ನಲು ಅವಳಿಗೆ ಈಗ ಕಷ್ಟವಾಗಲಿಲ್ಲ.

"ಬೆನ್ನು ಹಿಡ್ಕೊಂಡಿತಪ್ಪ" ಎಂದು ಎಲೆಕ್ಟ್ರಿಷಿಯನ್ ಗೊಣಗುತ್ತಿದ್ದವನು ಥಟ್ಟನೆ ಸುಮ್ಮನಾದ. ಟೀಚರ್ ಉಸಿರು ಹಿಡಿದದ್ದು ಅವನಿಗೆ ತಿಳಿಯಿತು. ಮರುಗಳಿಗೆ, ಅವಳ ಪೆನ್ಸಿಲ್ಲು ಕಾಗದದ ಮೇಲೆ ಒಂದೇ ಒಂದು ಗೀಟು ಎಳೆದ ಸದ್ದು ಮೂವರಿಗೂ ಕೇಳಿಸಿತು.