ಗೋಡೆಗೆ ಮುಖಮಾಡಿದ ಚಪ್ಪಲಿ

ಮಾರ್ಚ್ ಹದಿನೇಳು, ಸೋಮವಾರ. ಆ ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳಿಗೆ ಆರು ಆಸನಗಳಿದ್ದವು, ಯಜಮಾನರಿಗೆ ಒಂದು. ಮಾರಾಟದ ಇಬ್ಬರು ಹೆಂಗಸರಿಗೆ ಸೊನ್ನೆ. ಅವರು ಬೆಳಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರಬೇಕು. ಕೂತವರಿಂದ ವ್ಯಾಪಾರವಾಗದು ಎಂಬುದು ಯಜಮಾನರ ನಂಬಿಕೆ. ಅದನ್ನು ಅವರು ತಮ್ಮ ಕುರ್ಚಿಯಲ್ಲಿ ಕೂತೇ ಹೇಳುತ್ತಿದ್ದರು.

ಇಬ್ಬರಲ್ಲಿ ಕಿರಿಯವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಏಣಿ ಹತ್ತಿ ಡಬ್ಬಿ ಇಳಿಸುವುದರಲ್ಲಿ ಒಂದು ಕಾಲಕ್ಕೆ ಅವಳನ್ನು ಮೀರಿಸುವವರಿರಲಿಲ್ಲ. ನಲವತ್ತು ದಾಟಿದ ಮೇಲೆ ಹೆಸರು ಉಳಿಯಿತು, ಚುರುಕು ಉಳಿಯಲಿಲ್ಲ. ಎಡಗಾಲಿನ ನರಗಳು ಗಂಟುಕಟ್ಟಿ ಹಗ್ಗದಂತೆ ಎದ್ದಿದ್ದವು. ಇನ್ನೊಬ್ಬಳು ಅವಳ ಅಣ್ಣನ ಹೆಂಡತಿ. ಅತ್ತಿಗೆಯನ್ನು ಈ ಕೆಲಸಕ್ಕೆ ಸೇರಿಸಿದವಳೂ ಗುಬ್ಬಿಯೇ. ಅಳತೆಯ ಹಲಗೆಯ ಮೇಲೆ ಹಿಮ್ಮಡಿ ಇಡಿಸುವುದರಿಂದ ಹಿಡಿದು, ಗಿರಾಕಿಯ ಕಾಲುಚೀಲ ಎಷ್ಟೇ ನಾತ ಹೊಡೆದರೂ ಮೂಗು ಮುರಿಯದೆ ನಗುವವರೆಗೆ, ಎಲ್ಲವನ್ನೂ ಕೈಹಿಡಿದು ಕಲಿಸಿದ್ದಳು.

ಕಾಲುಗಳಿಗೆ ಅವರೊಂದು ದಾರಿ ಕಂಡುಕೊಂಡಿದ್ದರು. ಮುಂದಿನ ಕಪಾಟಿನಲ್ಲಿ ಪ್ರತಿ ಜೋಡಿಯ ಎಡಗಾಲಿನದನ್ನು ಮಾತ್ರ ಇಡುವುದು ಅಂಗಡಿಯ ರೂಢಿ. ಬಲಗಾಲಿನದು ಡಬ್ಬಿಯಲ್ಲಿ, ಹಿಂದಿನ ಉಗ್ರಾಣದಲ್ಲಿ. ಒಂಟಿ ಚಪ್ಪಲಿಯನ್ನು ಯಾರು ಕದ್ದಾರು? ಆ ಸಾಲಿನಲ್ಲಿ ಯಾರೂ ಕೊಳ್ಳದೆ ಉಳಿದ ಒಂದು ಕೆಂಪು ಚಪ್ಪಲಿ ಇತ್ತು. ಯಜಮಾನರು ಹೊರಗೆ ಹೋದಾಗ ಒಬ್ಬಳು ಅದರ ಮೂತಿಯನ್ನು ಗೋಡೆಯ ಕಡೆ ತಿರುಗಿಸುವಳು. ನೀನು ಹೋಗಿ ಕೂತುಕೋ, ಇಲ್ಲಿ ನಾನಿದ್ದೇನೆ ಎಂದು ಅದರ ಅರ್ಥ. ಇನ್ನೊಬ್ಬಳು ಉಗ್ರಾಣಕ್ಕೆ ಹೋಗಿ ಗಂಬೂಟುಗಳ ಪೆಟ್ಟಿಗೆಯ ಮೇಲೆ ಐದು ನಿಮಿಷ ಕಾಲು ಚಾಚಿ ಬರುವಳು. ಆಮೇಲೆ ಸರದಿ ಬದಲು. ಗಿರಾಕಿಗಳ ಮುಂದೆ ಬಾಯಿ ಬಿಡಬೇಕಾಗಿರಲಿಲ್ಲ. ಈ ಗುಟ್ಟನ್ನು ಅವರು ಅಣ್ಣನಿಗೂ ಹೇಳಿರಲಿಲ್ಲ.

ಹಿಂದಿನ ವಾರ ಯಜಮಾನರು ಇಬ್ಬರನ್ನೂ ಕರೆದಿದ್ದರು. "ಇನ್ನೊಂದು ಅಂಗಡಿ ತೆಗೀತಿದ್ದೀನಿ. ಒಂದನೇ ತಾರೀಖಿಂದ ನಾನು ಅಲ್ಲಿರ್ತೀನಿ, ಇಲ್ಲಿ ನಿಮ್ಮಲ್ಲಿ ಒಬ್ರು ಗಲ್ಲಾದಲ್ಲಿ ಕೂರ್ಬೇಕು. ಯಾರು ಅಂತ ನೋಡಿ ಹೇಳ್ತೀನಿ."

ಕೂರಬೇಕು ಎಂಬ ಆ ಒಂದು ಪದ ಗುಬ್ಬಿಯ ಕಿವಿಯಲ್ಲಿ ದಿನವಿಡೀ ಗುಂಯ್‌ಗುಟ್ಟಿತು. ಸಂಜೆ ಮನೆಯ ದಾರಿಯಲ್ಲಿ ಅತ್ತಿಗೆಯೇ ಮಾತು ತೆಗೆದಳು.

"ನೀನೇ ಕೂತ್ಕೋ ಗುಬ್ಬಿ. ನಿನ್ನ ಕಾಲು ನೋಡೋಕಾಗಲ್ಲ. ಯಜಮಾನ್ರ ಹತ್ರ ನಾನೇ ಮಾತಾಡ್ತೀನಿ."

"ನಿಜವಾಗ್ಲೂ ಮಾತಾಡ್ತೀರಾ ಅತ್ತಿಗೆ?"

"ಆಡ್ದೆ ಬಿಡ್ತೀನಾ?"

ಆ ಸೋಮವಾರ ಬೆಳಗಿನಿಂದಲೇ ವ್ಯಾಪಾರ ವಕ್ರವಾಗಿತ್ತು. ಒಬ್ಬಾಕೆ ಬಂದು ಹದಿನಾಲ್ಕು ಡಬ್ಬಿ ಬಿಚ್ಚಿಸಿದಳು. ಇದೇ ಬಣ್ಣ ಬೇಕು, ಆದರೆ ಸ್ವಲ್ಪ ಬೇರೆ. ಇದೇ ಎತ್ತರ ಬೇಕು, ಆದರೆ ಹಿಮ್ಮಡಿ ಇರಬಾರದು. ಹದಿನಾಲ್ಕನೆಯದನ್ನು ಮೆಟ್ಟಿ ಕನ್ನಡಿ ನೋಡಿಕೊಂಡವಳು ಬೀದಿಯತ್ತ ಕತ್ತು ಚಾಚಿ ಎದ್ದೇಬಿಟ್ಟಳು. "ನಮ್ಮನೆಯವ್ರು ಎದುರುಗಡೆ ಕಟಿಂಗ್ ಮಾಡಿಸ್ಕೊಳ್ತಿದ್ರು. ಮುಗೀತು ಅನ್ಸತ್ತೆ, ಬರ್ಲಾ?"

ಡಬ್ಬಿಗಳನ್ನು ಮತ್ತೆ ಜೋಡಿಸುವಷ್ಟರಲ್ಲಿ ಒಬ್ಬ ಗಂಡಸು ಬೂಟು ಹಿಂದಿರುಗಿಸಲು ಬಂದ. ಒಂದು ದಿನವೂ ಹಾಕಿಲ್ಲ, ದುಡ್ಡು ವಾಪಸು ಬೇಕು ಎಂದ. ಗುಬ್ಬಿ ಅಟ್ಟೆ ತಿರುಗಿಸಿ ನೋಡಿದಳು. ಅಲ್ಲಿ ಅಂಟಿಕೊಂಡಿದ್ದ ಚೂಯಿಂಗ್ ಗಮ್ಮಿಗೆ ಒಂದು ಬಸ್ ಟಿಕೆಟ್ ಅಂಟಿಕೊಂಡಿತ್ತು.

"ಮನೆ ಒಳಗೆ ಓಡಾಡಿ ನೋಡ್ದೆ, ಅಷ್ಟೇ," ಎಂದ ಅವನು.

"ಮನೆ ಒಳಗೆ ಬಸ್ ಓಡುತ್ತಾ ಸರ್?"

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಯಜಮಾನರು ನಗಲಿಲ್ಲ. ದುಡ್ಡು ವಾಪಸು ಕೊಟ್ಟು, ಗುಬ್ಬಿಯಿಂದ ಕ್ಷಮೆಯನ್ನೂ ಕೇಳಿಸಿದರು.

ಮಧ್ಯಾಹ್ನದ ಮೇಲೆ ಯಜಮಾನರು "ಬ್ಯಾಂಕಿಗೆ ಹೋಗಿ ಬರ್ತೀನಿ" ಎಂದು ಹೊರಟರು. ಗುಬ್ಬಿ ಒಂದು ಬೂಟಿಗೆ ಲೇಸು ಪೋಣಿಸಿ ತಲೆ ಎತ್ತುವುದರೊಳಗೆ ಕೆಂಪು ಚಪ್ಪಲಿ ಗೋಡೆಗೆ ಮುಖಮಾಡಿತ್ತು. ನನ್ನ ಅವಮಾನ ಕಂಡು ಮೊದಲ ಸರದಿ ನನಗೇ ಬಿಟ್ಟಿದ್ದಾಳೆ ಎಂದುಕೊಂಡು ಗುಬ್ಬಿ ಉಗ್ರಾಣಕ್ಕೆ ನಡೆದಳು.

ಪೆಟ್ಟಿಗೆಯ ಮೇಲೆ ಕೂತು, ಚಪ್ಪಲಿ ಕಳಚಿ, ಮೀನಖಂಡವನ್ನು ನೀವಿಕೊಳ್ಳುತ್ತಿದ್ದಳು. ಉಗ್ರಾಣದ ಹಿಂಬಾಗಿಲಲ್ಲಿ ಬೀಗದ ಸದ್ದಾಯಿತು. ಸರಕು ಬಂದ ದಿನವಲ್ಲದೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಕೀಲಿಕೈ ಇದ್ದುದು ಒಬ್ಬರ ಬಳಿ ಮಾತ್ರ.

"ಆರಾಮಾಗಿದ್ಯಾ?" ಎಂದರು ಯಜಮಾನರು. ದನಿ ಏರಿಸಲಿಲ್ಲ. "ಗಲ್ಲಾದಲ್ಲಿ ಕೂರೋಕೆ ಹೊರಟೋರು ಈಗ ಎಲ್ಲಿ ಕೂತಿದಾರೆ ಅಂತ ನೋಡೋಕ್ ಬಂದೆ."

ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಅವಳು ಅವರ ಹಿಂದೆ ಹೊರಬಂದಳು. ಅತ್ತಿಗೆ ತಲೆ ತಗ್ಗಿಸಿ ಡಬ್ಬಿಯೊಂದನ್ನು ಒರೆಸುತ್ತಿದ್ದಳು. ಪಾಪ, ಇವರು ಹಿಂದಿನಿಂದ ಬರುತ್ತಾರೆಂದು ಅತ್ತಿಗೆಗೆ ಹೇಗೆ ಗೊತ್ತಾಗಬೇಕು, ರಾತ್ರಿಯೆಲ್ಲ ಕೊರಗುತ್ತಾಳೆ, ತಾನೇ ಸಮಾಧಾನ ಹೇಳಬೇಕು ಎಂದುಕೊಂಡಳು ಗುಬ್ಬಿ.

ಯಜಮಾನರು ಕಪಾಟಿನತ್ತ ನೇರವಾಗಿ ನಡೆದರು. ಅಷ್ಟೊಂದು ಒಂಟಿ ಚಪ್ಪಲಿಗಳ ನಡುವೆ ಅವರು ಹುಡುಕಲಿಲ್ಲ. ಕೆಂಪು ಚಪ್ಪಲಿಯ ಮೇಲೆ ಕೈಯಿಟ್ಟು, ಅದರ ಮೂತಿಯನ್ನು ಬೀದಿಯ ಕಡೆ ತಿರುಗಿಸಿದರು.

"ಇನ್ಮೇಲೆ ಇದು ನೆಟ್ಟಗೇ ಇರ್ಲಿ."

ಆ ಚಪ್ಪಲಿಯ ಅರ್ಥ ಬಲ್ಲವರು ಲೋಕದಲ್ಲಿ ಇಬ್ಬರೇ. ಅವರಲ್ಲಿ ಒಬ್ಬಳು ಉಗ್ರಾಣದಲ್ಲಿದ್ದಳು. ಕಳೆಯುವ ಲೆಕ್ಕವೇನೂ ಕಷ್ಟದ್ದಲ್ಲ. ಆದರೂ ಉತ್ತರ ಬಂದ ಮೇಲೆ ಗುಬ್ಬಿ ಬಹಳ ಹೊತ್ತು ಅತ್ತಿಗೆಯ ಬೆನ್ನನ್ನೇ ನೋಡುತ್ತ ನಿಂತಳು.

ಮನೆಯ ದಾರಿ ಅರ್ಧ ಸವೆದ ಮೇಲೆ ಗುಬ್ಬಿ ಕೇಳಿದಳು.

"ಯಾಕೆ ಅತ್ತಿಗೆ?"

ಅತ್ತಿಗೆ "ಯಾವುದು ಯಾಕೆ?" ಎಂದು ಕೇಳಲಿಲ್ಲ, ಅಷ್ಟರಮಟ್ಟಿಗೆ ಪ್ರಾಮಾಣಿಕಳು. "ನಿನ್ನ ಕಾಲು ಎಲ್ರಿಗೂ ಕಾಣತ್ತೆ. ನನ್ನ ಸೊಂಟನೋವು ಯಾರಿಗೆ ಕಾಣತ್ತೆ?"

"ನನ್ನ ಹತ್ರ ಹೇಳಿದ್ರೆ ನಾನೇ ಬಿಟ್ಟುಕೊಡ್ತಿದ್ನಲ್ಲ."

"ಹೂಂ, ಬಿಟ್ಟುಕೊಡ್ತಿದ್ದೆ. ಆಮೇಲೆ ಸಾಯೋವರೆಗೂ ಆ ಉಪಕಾರ ಹೊತ್ಕೊಂಡು ತಿರುಗ್ಬೇಕಿತ್ತು. ಈ ಕೆಲ್ಸ ಕೊಡಿಸಿದ್ದೇ ಸಾಲ್ದಾ? ಮನೇಲಿ ನಿಮ್ಮಣ್ಣ ದಿನಾ ನೆನಪಿಸ್ತಾರೆ."



ಒಂದನೇ ತಾರೀಖಿಗೆ ಅತ್ತಿಗೆ ಗಲ್ಲಾದಲ್ಲಿ ಕೂತಳು. ಕೂತ ಮೇಲೆ ಗೊತ್ತಾಯಿತು: ಗಲ್ಲಾದಲ್ಲಿ ಕೂತವರು ಏಳುವಂತಿಲ್ಲ. ದುಡ್ಡಿನ ಪೆಟ್ಟಿಗೆಯನ್ನು ಬಿಟ್ಟು ಅತ್ತ ಇತ್ತ ಕದಲಬಾರದೆಂದು ಯಜಮಾನರ ಕಟ್ಟಪ್ಪಣೆ. ಅವರು ಹೊಸ ಅಂಗಡಿಯಲ್ಲಿದ್ದರೂ ಹೊತ್ತುಗೊತ್ತಿಲ್ಲದೆ ಬಂದು ನಿಲ್ಲುತ್ತಿದ್ದರು.

ಎರಡನೆಯ ವಾರದ ಒಂದು ಮಧ್ಯಾಹ್ನ ಅತ್ತಿಗೆ ಕುರ್ಚಿಯಲ್ಲಿ ಆ ಕಡೆ ಈ ಕಡೆ ಹೊರಳಾಡತೊಡಗಿದಳು. ಮುಖ ಬಿಳಚಿತ್ತು. ಅಭ್ಯಾಸಬಲದಿಂದ ಅವಳ ಕಣ್ಣು ಕೆಂಪು ಚಪ್ಪಲಿಯತ್ತ ಹೋಯಿತು. ಅದು ನೆಟ್ಟಗೇ ಇತ್ತು.

"ಗುಬ್ಬಿ," ಎಂದಳು ಕೊನೆಗೆ, "ಬೆಳಗ್ಗೆಯಿಂದ ಬಾತ್‌ರೂಮಿಗೆ ಹೋಗಿಲ್ಲ ಕಣೇ. ಐದು ನಿಮಿಷ ಕೂತ್ಕೋತೀಯಾ?"

ಗುಬ್ಬಿ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟು ಬಂದಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಕಾಲಿನ ನೋವು ಹಿಮ್ಮಡಿಯ ಕಡೆಗೆ ಮೆಲ್ಲಗೆ ಇಳಿಯುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಒಂದು ಬಿಲ್ಲು ಮಾಡಿದಳು, ಚಿಲ್ಲರೆ ಕೊಟ್ಟಳು. ಅತ್ತಿಗೆ ಹಿಂದಿರುಗಿದಾಗ ಗಡಿಯಾರ ನೋಡಿ ಎದ್ದಳು.

ಅತ್ತಿಗೆಯ ಕಣ್ಣಲ್ಲಿ ನೀರಿತ್ತು. "ನಿನ್ನ ಋಣ ನಾನು..."

"ಋಣ ಎಂಥದ್ದೂ ಇಲ್ಲ ಅತ್ತಿಗೆ. ಅವತ್ತು ನನ್ನ ಸರದಿ ಅರ್ಧಕ್ಕೇ ನಿಂತಿತ್ತು. ಈಗ ಮುಗೀತು."

ಅವಳು ಕಪಾಟಿನಿಂದ ಕೆಂಪು ಚಪ್ಪಲಿಯನ್ನು ತೆಗೆದು ಉಗ್ರಾಣಕ್ಕೆ ಹೋದಳು. ಅದರ ಡಬ್ಬಿಯನ್ನು ಹುಡುಕಿ, ಎಡಗಾಲಿನದನ್ನು ಬಲಗಾಲಿನದರ ಪಕ್ಕದಲ್ಲಿ ಮಲಗಿಸಿ, ಮುಚ್ಚಳ ಹಾಕಿದಳು. ನೋಯುವ ಕಾಲನ್ನು ಎಳೆದುಕೊಂಡು ಏಣಿ ಹತ್ತಿ, ಡಬ್ಬಿಯನ್ನು ಎಲ್ಲಕ್ಕಿಂತ ಮೇಲಿನ ಸಾಲಿಗೆ ತಳ್ಳಿದಳು. ಕೆಳಗಿಳಿದು ಬಂದು, ಕಪಾಟಿನ ಖಾಲಿ ಜಾಗದಲ್ಲಿ ಬೇರೊಂದು ಚಪ್ಪಲಿಯನ್ನು ಇಟ್ಟಳು, ಮೂತಿ ಬೀದಿಯ ಕಡೆಗೆ.