ಡಿಸ್ಕಿತ್ ಅಬಿ ಹೊಸೆದ ಮೇವು

ಬೆಟ್ಟಗಳೆಲ್ಲ ಹಿಮದ ಟೋಪಿ ಹಾಕಿಕೊಳ್ಳುವ ಲಡಾಖಿನ ಒಂದು ಹಳ್ಳಿಯಲ್ಲಿ, ಒಂದಾನೊಂದು ಮನೆಯಲ್ಲಿ, ರಾಣಿಯಷ್ಟೇ ಬಿಗುಮಾನದ ಒಂದು ಝೋಮೊ ಇತ್ತಂತೆ. ಯಾಕ್ ಮತ್ತು ಹಸುವಿನ ಮಿಶ್ರತಳಿ ಅದು. ಚಳಿಗಾಲದಲ್ಲಿ ಬರೀ ಬಾರ್ಲಿಯ ಒಣಹುಲ್ಲು ತಿಂದು ಹಾಲನ್ನೇ ನಿಲ್ಲಿಸಿಬಿಡುತ್ತಿತ್ತು. ಹೊಸವರ್ಷದ ಲೋಸರ್ ಹಬ್ಬಕ್ಕೆ ಬಂದವರ ಬಟ್ಟಲಿನ ಅಂಚಿಗೆ ಹಚ್ಚುವ ಮಂಗಳದ ಬೆಣ್ಣೆಯನ್ನೂ ಪಕ್ಕದ ಮನೆಯಿಂದ ಬೇಡಿ ತರಬೇಕು. ಆ ಮನೆಯ ಅಬಿ, ಅಂದರೆ ಅಜ್ಜಿ, ಡಿಸ್ಕಿತಳಿಗೆ ಅದು ನುಂಗಲಾರದ ತುತ್ತು.

"ಮುಂದಿನ ಲೋಸರಿಗೆ ನಮ್ಮನೆ ಬೆಣ್ಣೇನೇ ಹಚ್ತೀವಿ, ನೋಡ್ತಿರಿ" ಎಂದು ಸೊಸೆ ಯಾಂಗ್ಡೋಲ್ ನೆಂಟರೆದುರೇ ಮಾತು ಕೊಟ್ಟಳು.

ಪಶುಪಾಲನೆಯ ತರಬೇತಿ ಪಡೆದಿದ್ದ ಪಕ್ಕದ ಮನೆಯ ಕುಂಜೆಸ್ ಅವಳಿಗೆ ಓಲ್ ಬೀಜ ಕೊಟ್ಟಳು. ನೀವು ಕುದುರೆಮಸಾಲೆ, ಲೂಸರ್ನ್ ಎನ್ನುತ್ತೀರಲ್ಲ, ಅದೇ. ಒಮ್ಮೆ ಬಿತ್ತಿದರೆ ಕೆಲವು ವರ್ಷ ಮತ್ತೆ ಮತ್ತೆ ಚಿಗುರುತ್ತದೆ. ಬಾರ್ಲಿಯ ನೆಲವನ್ನು ಹುಲ್ಲಿಗೆ ಕೊಡುವುದುಂಟೇ ಎಂದು ಅಬಿ ಗೊಣಗಿ, ಕಾಲುವೆಯಂಚಿನ ಪಟ್ಟಿಯನ್ನಷ್ಟೇ ಬಿಟ್ಟುಕೊಟ್ಟಳು.

ನೇರಳೆ ಹೂ ಇಣುಕಿದಾಗ ಕೊಯ್ದರು. ಒಣಗಿಸುವುದನ್ನು ತನಗೆ ಯಾರೂ ಕಲಿಸಬೇಕಿಲ್ಲವೆಂದು ಅಬಿ ಅದನ್ನು ಬಾರ್ಲಿಯಂತೆಯೇ ಮಾಳಿಗೆಯ ಸುಡುಬಿಸಿಲಿಗೆ ಹರಡಿದಳು. ಎಲೆಯೆಲ್ಲ ಪುಡಿಯಾಗಿ ಗಾಳಿಗೆ ಹಾರಿತು.

"ಎಲೆ ನಮ್ಮ ಮೇಕೆಗಳಿಗೆ ಕಳಿಸಿ, ಕಡ್ಡಿ ನೀವಿಟ್ಕೊಂಡ್ರಲ್ಲ ಅಬಿ. ದೊಡ್ಡ ಮನಸ್ಸು ನಿಮ್ದು" ಎಂದಳು ಕುಂಜೆಸ್.

"ಹಲ್ಲು ಕಿಸೀಬೇಡ. ಹೇಗೆ ಅಂತ ಹೇಳು."

ಸತ್ವವಿರುವುದು ಎಲೆಯಲ್ಲಿ ಎಂದಳು ಕುಂಜೆಸ್. ಸ್ವಲ್ಪ ಬಾಡಿಸಿ, ಮೆತ್ತಗಿರುವಾಗಲೇ ದಪ್ಪ ಹುರಿಯಾಗಿ ಹೊಸೆದು, ಗಾಳಿಯಾಡುವ ನೆರಳಲ್ಲಿ ಒಣಗಿಸಬೇಕು. ಹಸಿಯದನ್ನು ಖಾಲಿ ಹೊಟ್ಟೆಗೆ ಹಾಕಿದರೆ ದನದ ಹೊಟ್ಟೆ ಉಬ್ಬಿ ಜೀವಕ್ಕೇ ಕುತ್ತು. ಮೊದಲು ಒಣಹುಲ್ಲು, ಆಮೇಲೆ ಸ್ವಲ್ಪ ಸ್ವಲ್ಪವೇ ಓಲ್.

"ಹೊಸೆಯೋದಾ? ಉಣ್ಣೆ ನೂತು ಪಳಗಿದ ಕೈ ಕಣೇ ಇದು. ಈಚೆ ಕೊಡು."

ಎರಡನೆಯ ಕೊಯ್ಲನ್ನು ಅಬಿಯೇ ಹೊಸೆದಳು. ಎಲೆ ಉದುರಲಿಲ್ಲ. ಊರಿನ ಹೆಂಗಸರು ನೋಡಲು ಬಂದರೆ ಅವಳ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಹಿಮ ಬಿತ್ತು, ಕಾಲುವೆ ಹೆಪ್ಪುಗಟ್ಟಿತು, ಝೋಮೊ ಮಾತ್ರ ಹಾಲು ನಿಲ್ಲಿಸಲಿಲ್ಲ. ಲೋಸರಿನ ಬೆಳಗ್ಗೆ ಕಡೆಗೋಲಿಗೆ ಹಳದಿ ಬೆಣ್ಣೆ ಅಂಟಿಕೊಂಡು ಬಂತು.

ನೆಂಟರು ಬಾಗಿಲಿಗೆ ಬರುವಷ್ಟರಲ್ಲಿ ನಿಮಗೊಂದು ಮಾತು, ಅಕ್ಕತಂಗಿಯರೇ. ನಿಮ್ಮ ಹೊಲದಂಚಿನಲ್ಲೂ ಒಂದು ಪಟ್ಟಿ ಕುದುರೆಮಸಾಲೆ ಬಿತ್ತಿ. ಹೂ ಇಣುಕುವಾಗ ಕೊಯ್ಯಿರಿ, ಎಲೆ ಉಳಿಸಿ ಒಣಗಿಸಿ, ಒಣಹುಲ್ಲಿನ ಜೊತೆ ಕೊಡಿ.

ನೆಂಟರು ಬಂದು ಕೂತರು. ಅಬಿ ಬೆಣ್ಣೆಯ ಬಟ್ಟಲನ್ನು ಸೊಸೆಯ ಕೈಗಿಟ್ಟು, "ಮಾತು ಕೊಟ್ಟೋಳು ನೀನು, ನೀನೇ ಹಚ್ಚು" ಎಂದಳು. ಯಾಂಗ್ಡೋಲ್ ಒಬ್ಬೊಬ್ಬರ ಬಟ್ಟಲಿಗೂ ಹಚ್ಚಿದಳು.